ಹಸಿ ಗೋಡೆಯ ಬಾಡಿಗೆದಾರರು

ಬೆಳಿಗ್ಗೆ ಎದ್ದ ಕೂಡಲೇ ಕರುಣಾ ಮಾಡುವ ಮೊದಲ ಕೆಲಸ ಗೋಡೆ ಒರೆಸುವುದು. ತನ್ನ ಮುಖ ತೊಳೆಯುವುದು ಆಮೇಲೆ. ಹೊಸ ಗೋಡೆ ರಾತ್ರಿಯಿಡೀ ಬೆವರಿ, ಬುಡದಲ್ಲಿ ಉಪ್ಪಿನಂಥ ಬಿಳಿ ಬೂಷ್ಟು ಬಿಟ್ಟಿರುತ್ತಿತ್ತು. ಡಬ್ಬಿಯೊಳಗಿನ ಖರೇ ಉಪ್ಪು ನೀರಾಗಿರುತ್ತಿತ್ತು. ಕಡ್ಡಿ ಗೀರಿದರೆ ಮದ್ದು ಉದುರುತ್ತಿತ್ತು, ಬೆಂಕಿ ಹತ್ತುತ್ತಿರಲಿಲ್ಲ. ತಾರಿಹಾಳದ ಕಾರ್ಖಾನೆಗೆ ಹೋಗುವ ಗಂಡನ ಅಂಗಿಯನ್ನು ಇಸ್ತ್ರಿಪೆಟ್ಟಿಗೆಯಿಂದ ಒಣಗಿಸಿ ಕೊಡಬೇಕಾಗುತ್ತಿತ್ತು.

ಸತ್ತೂರಿನ ಈ ಮೂರು ಮಹಡಿಯ ಅಪಾರ್ಟ್‌ಮೆಂಟ್ ಕಟ್ಟಿಸಿದವನು ಹತ್ತಿ ವ್ಯಾಪಾರಿ ರಾಜಶೇಖರ. ಇದ್ದದ್ದು ಒಂಬತ್ತು ಮನೆ. ಮೇಲಿನ ಒಂದಕ್ಕೆ ಬಣ್ಣ ಬಳಿಸಿ ಕೀಲಿ ಹಾಕಿಟ್ಟಿದ್ದ. ಉಳಿದ ಎಂಟಕ್ಕೆ, ಗಿಲಾವು ಹಸಿ ಇರುವಾಗಲೇ, ದುಡಿದು ತಿನ್ನುವ ಎಂಟು ಕುಟುಂಬಗಳನ್ನು ತಂದು ತುಂಬಿದ್ದ. "ಅರ್ಧಾ ಬಾಡಿಗಿ ಕೊಡ್ರಿ ಸಾಕು. ಹನ್ನೊಂದು ತಿಂಗಳ ನಿಮ್ಮನ್ನ ಯಾರೂ ಎಬ್ಬಸಂಗಿಲ್ಲ. ಕಾಗದ ಆಮ್ಯಾಲ ಮಾಡೂಣು" ಅಂದಿದ್ದ. ದೊಡ್ಡ ಮನಸ್ಸಿನ ಮನುಷ್ಯ ಎಂದು ಎಲ್ಲರೂ ಕೈಮುಗಿದಿದ್ದರು. ಕರುಣಾಳ ಎದುರುಮನೆಯ, ಕಟ್ಟಡ ಕೆಲಸದ ಗೌಂಡಿ ಲಾಲಸಾಬ ಮಾತ್ರ ಗೋಡೆ ಮುಟ್ಟಿ ನೋಡಿ ನಕ್ಕಿದ್ದ.

"ಮನಸ್ಸ ದೊಡ್ಡದಲ್ಲ ತಂಗಿ, ತಲಿ ದೊಡ್ಡದು. ಹಸಿ ಮನಿ ಒಣಗಬೇಕಂದ್ರ ಒಳಗ ಒಲಿ ಉರೀಬೇಕು, ಫ್ಯಾನ್ ತಿರಗಬೇಕು, ಕಿಡಕಿ ತಗದು ಹಾಕಬೇಕು. ಅದಕ್ಕ ಆಳ ಇಟ್ರ ಪಗಾರ ಕೊಡಬೇಕಾಗತದ. ನಾವರ ತಿಂಗಳಾ ರೊಕ್ಕಾ ಕೊಟ್ಟ ಒಣಗಸಾಕತ್ತೇವಿ!"

ಆದರೂ ಕರುಣಾಳಿಗೆ ಈ ಮನೆ ಬೇಕಾಗಿತ್ತು. ನಾಲ್ಕು ಜನರೆದುರು ತಲೆಯೆತ್ತದ ಹುಡುಗಿ ಅವಳು. ಹೊಲಿಗೆ ಯಂತ್ರದ ಮುಂದೆ ಕುಳಿತರೆ ಮಾತ್ರ ಅವಳ ಕೈಗೆ ಧೈರ್ಯ ಬರುತ್ತಿತ್ತು. ಹತ್ತಿರದ ಮೆಡಿಕಲ್ ಕಾಲೇಜಿನ ಹುಡುಗಿಯರು ಬಿಳಿ ಕೋಟು ಸಣ್ಣ ಮಾಡಿಸಲು ಒಬ್ಬೊಬ್ಬರೇ ಹುಡುಕಿಕೊಂಡು ಬರತೊಡಗಿದ್ದರು. ಈ ಮನೆ ಬಿಟ್ಟರೆ ಆ ಗಿರಾಕಿಗಳನ್ನೂ ಬಿಟ್ಟಂತೆಯೇ.

ಮೂರನೆಯ ತಿಂಗಳು ರಾಜಶೇಖರ ಬಂದು ಎಲ್ಲರನ್ನೂ ಮೆಟ್ಟಿಲ ಬಳಿ ಕೂಡಿಸಿದ.

"ತಿಂಗಳ ಕೊನಿಗೆ ಮನಿ ಖಾಲಿ ಮಾಡ್ರಿ. ಒಂದು ಕಂಪನಿಯವ್ರು ಎಲ್ಲಾ ಮನಿ ಹಿಡೀತಾರ. ನಿಮ್ಮ ಮೂರು ಪಟ್ಟು ಬಾಡಿಗಿ."

"ಹನ್ನೊಂದು ತಿಂಗಳ ಅಂದಿದ್ರೆಲ್ರಿ ಸಾವಕಾರ್ರ?" ಎಂದು ಕೇಳಿದಳು ಮೇಲಿನ ಮಹಡಿಯ ಶಿವಬಸವ್ವ. ರೊಟ್ಟಿ ಬಡಿದು ಮಾರುವವಳು, ಬಾಯಿಯೂ ಹಾಗೇ ಬಡಿಯುವಂಥದು.

"ಕಾಗದ ಐತೇನು ನಿನ್ನ ಕಡಿ? ಶುಕ್ರವಾರ ಕಂಪನಿ ಮ್ಯಾನೇಜರು ಹೆಂಡ್ತೀನ ಕರಕೊಂಡು ಬರ್ತಾರ. ಬಣ್ಣಾ ಹಚ್ಚಿದ ಮ್ಯಾಲಿನ ಮನಿ ತೋರಿಸಿ ಕಳಸ್ತೇನಿ. ಮನಿ ಬಗ್ಗೆ ಯಾರರ ಕೆಟ್ಟ ಮಾತ ಆಡಿದ್ರೋ, ಡಿಪಾಜಿಟ್ ಮರತ ಬಿಡ್ರಿ."

ಅವನು ಹೋದ ಮೇಲೆ ಶಿವಬಸವ್ವ ಅವನ ಏಳು ತಲೆಮಾರನ್ನು ಎಳೆತಂದು ಬೈದಳು. ಬೈದು ಸುಸ್ತಾದಾಗ ಕರುಣಾ ನೆಲ ನೋಡುತ್ತಲೇ ಕೇಳಿದಳು:

"ಶುಕ್ರವಾರ ಬಾಗಲಕ್ಕ ಬಂದ ಮುತ್ತೈದೀನ್ನ ಹಂಗ ಕಳಸೂದೇನ ಅಕ್ಕಾ?"

ಶಿವಬಸವ್ವ ಅವಳ ಮುಖವನ್ನೇ ನೋಡಿದಳು. ನೋಡುತ್ತ ನೋಡುತ್ತ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

ಶುಕ್ರವಾರ ಹತ್ತು ಗಂಟೆಗೆ ಕಾರು ಬಂತು. ಮ್ಯಾನೇಜರ್ ಚನ್ನಯ್ಯ, ಅವನ ಹೆಂಡತಿ ದಾಕ್ಷಾಯಿಣಿ ಇಳಿದರು. ರಾಜಶೇಖರ ಅವರನ್ನು ಸರಸರ ಮೇಲೆ ಹತ್ತಿಸುತ್ತಿದ್ದ. ಮೊದಲ ಮಹಡಿಯ ಬಾಗಿಲಲ್ಲಿ ಕರುಣಾ ಅರಿಷಿಣ ಕುಂಕುಮದ ತಾಟು ಹಿಡಿದು ನಿಂತಿದ್ದಳು.

"ಅಕ್ಕಾರ, ಒಳಗ ಬರ್ರಿ. ಉಡಿ ತುಂಬತೇನಿ."

"ಅಲ್ಲಿ ಬ್ಯಾಡ್ರಿ ವೈನಿ, ಅವರು ಮತ್ತ..." ಎಂದು ರಾಜಶೇಖರ ಉಳಿದ ಮಾತು ನುಂಗಿದ. ಆ ನುಂಗಿದ ಮಾತು ಯಾವುದೆಂದು ಕರುಣಾಳಿಗೆ ಸಣ್ಣಂದಿನಿಂದ ಗೊತ್ತಿತ್ತು.

ದಾಕ್ಷಾಯಿಣಿ ಚಪ್ಪಲಿ ಬಿಟ್ಟಳು. "ಕುಂಕುಮಾ ಒಲ್ಲೆ ಅಂತಾರೇನ್ರಿ ಯಾರರ?"

ಕರುಣಾ ಚಾಪೆ ಹಾಸಿದ್ದ ಜಾಗ ಆಯ್ದು ಹಾಸಿದ್ದು. ಅಕ್ಕಿ, ಕೊಬ್ಬರಿ ಬಟ್ಟಲು, ಖಣ ಇಟ್ಟು ಉಡಿ ತುಂಬುತ್ತಿದ್ದಂತೆ ಮೇಲಿನಿಂದ ಟಪ್ ಎಂದು ಒಂದು ಹನಿ ತಾಟಿನೊಳಗೆ ಬಿತ್ತು. ಹಿಂದೆಯೇ ಇನ್ನೊಂದು.

"ಏನವಾ ಇದು?"

"ಮ್ಯಾಲ ಶಿವಬಸಕ್ಕ ಬಚ್ಚಲದಾಗ ಬಟ್ಟಿ ಒಗ್ಯಾಕತ್ತಾಳ್ರಿ. ನೀರಿಗೇನೂ ಬರಾ ಇಲ್ರಿ ಇಲ್ಲಿ. ಮನಿ ಬಾಳ ಛಲೋ ಅದರಿ."

ಅತ್ತ ಚನ್ನಯ್ಯನನ್ನು ಲಾಲಸಾಬ ಎದುರಿನ ತನ್ನ ಮನೆಗೆ ಚಹಾಕ್ಕೆ ಎಳೆದೊಯ್ದಿದ್ದ. "ಗ್ವಾಡಿಗೆ ಆತಗೊಂಡ ಕೂಡಬ್ಯಾಡ್ರಿ ಸಾಹೇಬ್ರ" ಎನ್ನುವಷ್ಟರಲ್ಲಿ ಚನ್ನಯ್ಯ ಒರಗಿಯಾಗಿತ್ತು. ಎದ್ದಾಗ ಅವನ ನೀಲಿ ಅಂಗಿಯ ಬೆನ್ನು ಬೆಳ್ಳಗೆ ಒದ್ದೆಯಾಗಿತ್ತು.

"ಬ್ಯಾಸಗ್ಯಾಗ ಇಂಥಾ ತಂಪ ಎಲ್ಲೂ ಸಿಗಂಗಿಲ್ರಿ" ಎಂದ ಲಾಲಸಾಬ. "ಮನಿ ಛಲೋ ಅದ."

ಮೇಲೆ ಶಿವಬಸವ್ವ ಕಾಯುತ್ತಿದ್ದಳು. ಗಂಡ ಹೆಂಡತಿ ಇಬ್ಬರನ್ನೂ ಒಳಗೆ ಕರೆದು, ಬೆಕ್ಕು ಬರುತ್ತದೆಂದು ಬಾಗಿಲು ಒತ್ತಿದಳು. ಉಡಿ ತುಂಬಿದಳು, ಬಾಯಿಗೆ ಸಕ್ಕರೆ ಹಾಕಿದಳು. ಹೊರಡಲೆಂದು ಬಾಗಿಲು ಎಳೆದರೆ ಬರಲೊಲ್ಲದು. ಹಸಿ ಹೀರಿ ಉಬ್ಬಿದ ಬಾಗಿಲು ಚೌಕಟ್ಟನ್ನು ಕಚ್ಚಿ ಹಿಡಿದಿತ್ತು.

"ಸಾವಕಾರ್ರ, ಹೊರಗಿಂದ ದೂಡ್ರಿ! ಹಂಗಲ್ರಿ, ಭುಜಾ ಕೊಡ್ರಿ! ನಮ್ಮವ್ರು ದಿನಾ ದೂಡ್ತಾರ, ನಿಮಗ ಒಂದಿನ ಆಗವಲ್ದೇನ್ರಿ?"

ರಾಜಶೇಖರ ದೂಡಿದ. ಮತ್ತೆ ದೂಡಿದ. ಮೂರನೆಯ ಸಲ ಬಾಗಿಲು ಬಿಟ್ಟಿತು. ಅವನು ನೇರವಾಗಿ ಒಳಗೆ ಬಂದು ದಾಕ್ಷಾಯಿಣಿಯ ಕಾಲ ಹತ್ತಿರ ಬಿದ್ದ.

"ನೋಡ್ರಿ ಅಕ್ಕಾರ" ಎಂದಳು ಶಿವಬಸವ್ವ. "ಬಂದವ್ರಿಗೆ ಅಡ್ಡಬಿದ್ದ ನಮಸ್ಕಾರ ಮಾಡ್ತಾರ ನಮ್ಮ ಸಾವಕಾರ್ರು. ಅಷ್ಟ ಛಲೋ ಮಂದಿ."

ಮೆಟ್ಟಿಲಿಗೆ ಬಂದರೆ ಇನ್ನೂ ಐದು ಬಾಗಿಲುಗಳಲ್ಲಿ ಐದು ತಾಟುಗಳು ಕಾಯುತ್ತಿದ್ದವು. ದಾಕ್ಷಾಯಿಣಿ ತುಂಬಿದ ಸೆರಗು ಹಿಡಿದುಕೊಂಡು, ನಗು ತಡೆಯಲಾಗದೆ ಗಂಡನ ಕಡೆ ನೋಡಿದಳು. ಚನ್ನಯ್ಯ ಬೆನ್ನು ಕೊಡವಿಕೊಳ್ಳುತ್ತ, "ಗ್ವಾಡಿ ಒಣಗಿದ ಮ್ಯಾಲ ಫೋನ್ ಮಾಡ್ರಿ ರಾಜಶೇಖರ" ಅಂದ. ಕಾರು ಹೋಯಿತು.

ರಾಜಶೇಖರ ಕೆಂಡವಾದ. "ನನ್ನ ಬಾಯಾಗ ಮಣ್ಣ ಹಾಕಿದ್ರಿ! ಡಿಪಾಜಿಟ್ ಹೋತು ಅಂತ ತಿಳೀರಿ!"

"ಯಾಕ್ರಿ? ಕೆಟ್ಟ ಮಾತ ಯಾರ ಆಡಿದ್ರು?" ಎಂದಳು ಶಿವಬಸವ್ವ. "ಶುಕ್ರವಾರ ಉಡಿ ತುಂಬೂದು ತಪ್ಪೇನ್ರಿ?"

"ಇವತ್ತ ಖಾಲಿ ಮಾಡ್ರಿ ಎಲ್ಲಾರೂ!"

ಕರುಣಾ ತಲೆಯೆತ್ತಿ ನೋಡಿದಳು. ಇಷ್ಟು ಹತ್ತಿರದಿಂದ ಅವನ ಮುಖ ನೋಡಿದ್ದು ಅದೇ ಮೊದಲು. ಹಣೆಯ ವಿಭೂತಿ ಬೆವರಿಗೆ ಇಳಿದಿತ್ತು. ಇವನಿಗೂ ಹೆದರಿಕೆ ಇದೆ ಅನ್ನಿಸಿತು.

"ಖಾಲಿ ಮಾಡಂಗಿಲ್ರಿ. ಹನ್ನೊಂದು ಅಂದೀರಿ. ಇನ್ನಾ ಎಂಟ ತಿಂಗಳ ಉಳದಾವು."

"ಈ ಗ್ವಾಡಿ ಒಣಗಾಕ ಇನ್ನೊಂದು ಮಳಿಗಾಲ, ಬ್ಯಾಸಗಿ ಬೇಕ್ರಿ ಸಾವಕಾರ್ರ" ಎಂದ ಲಾಲಸಾಬ ಸಮಾಧಾನದಿಂದ. "ಅಲ್ಲೀತನಕಾ ಇದರಾಗ ರೊಕ್ಕಾ ಕೊಟ್ಟ ಇರಾವ್ರು ನಾವ ಒಬ್ಬರ. ಇಲ್ಲಂದ್ರ ಬ್ಯಾರೇದವ್ರನ್ನ ಕರಕೊಂಡ ಬರ್ರಿ. ಚಾ ಅಂತೂ ಇದ್ದ ಇರ್ತದ."

ರಾಜಶೇಖರ ಕೆಳಗಿನಿಂದ ಮೇಲಿನವರೆಗೆ ಕಣ್ಣಾಡಿಸಿದ. ಒಂದು ಬಾಗಿಲೂ ಮುಚ್ಚಿರಲಿಲ್ಲ. ಕಿಸೆಯಿಂದ ಪೆನ್ನು, ಒಂದು ಚೀಟಿ ತೆಗೆದ.

"ಆತು. ಕಾಗದ ಮಾಡಸ್ತೇನಿ, ಎಂಟ ತಿಂಗಳಂದು. ನಿನ್ನ ಗಂಡನ ಹೆಸರೇನು?"

ಮೂರು ತಿಂಗಳು ಬಾಡಿಗೆ ಎಣಿಸಿಕೊಂಡವನು ಆ ಹೆಸರು ಕೇಳಿದ್ದು ಈಗ.

"ಗಂಡನ ಹೆಸರ ಹೇಳಬಾರದಲ್ರಿ, ಆಯುಷ್ಯ ಕಡಿಮಿ ಆಗತದ" ಎಂದಳು ಕರುಣಾ. "ನನ್ನ ಹೆಸರ ಬರೀರಿ."

ಪೆನ್ನು ಗಾಳಿಯಲ್ಲಿ ನಿಂತಿತು. ಅವನು ಶಿವಬಸವ್ವನ ಕಡೆ ತಿರುಗಿದ.

"ನಾ ಅಂತೂ ಇಪ್ಪತ್ತ ವರ್ಷದಿಂದ ಹೇಳಿಲ್ರಿ!" ಎಂದು ಅವಳು ಗಲ್ಲ ಗಲ್ಲ ಬಡಿದುಕೊಂಡಳು. "ಶಿವಬಸವ್ವ ಅಂತ ಬರೀರಿ. ದೊಡ್ಡ ಅಕ್ಷರದಾಗ ಬರೀರಿ, ನನಗ ಕಣ್ಣ ಮಂದ."