ಬಾಗಿದ ಮೊಹರು

ಅಜೆಗಾಮಿ ನಾಗಿಸಾ ತನ್ನ ಮೊಹರನ್ನು ಒಮ್ಮೆಯೂ ವಾಲಿಸಿ ಒತ್ತಿದವಳಲ್ಲ. ಜಪಾನಿನ ಕಚೇರಿಗಳಲ್ಲಿ ಸಹಿಯ ಬದಲು ಹೆಸರಿನ ಮೊಹರು ಒತ್ತುತ್ತಾರೆ. ಕಾಗದದ ಎಡಗಡೆ ದೊಡ್ಡವರ ಮೊಹರು, ಅದರ ಬಲಕ್ಕೆ ಚಿಕ್ಕವರದು. ಚಿಕ್ಕವರದು ಎಡಕ್ಕೆ ತುಸು ವಾಲಿರಬೇಕು, ದೊಡ್ಡವರ ಮುಂದೆ ತಲೆ ಬಾಗಿಸಿ ನಿಂತ ಹಾಗೆ. ಹೀಗೇ ಮಾಡಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಆದರೂ ಬ್ಯಾಂಕಿನಲ್ಲಿ ಕಲಿತವರು, ಅವರನ್ನು ನೋಡಿ ಕಲಿತವರು ಹಾಗೇ ಮಾಡುತ್ತಾರೆ. ನಾಗಿಸಾಗೆ ಮೊದಲು ಇದು ಗೊತ್ತಿರಲಿಲ್ಲ, ಗೊತ್ತಾದ ಮೇಲೆ ಬೇಕೆನಿಸಲಿಲ್ಲ.

"ಅಜೆಗಾಮಿ ಸೀಲಿಗೆ ಸೊಂಟ ನೋವು ಕಣ್ರೋ, ಬಗ್ಗೋಕಾಗಲ್ಲ!" ಎಂದು ಆಸ್ಪತ್ರೆಯ ವಿಭಾಗದ ಮುಖ್ಯಸ್ಥ ಪ್ರೊಫೆಸರ್ ಇಸುರುಗಿ ಎಲ್ಲರ ಮುಂದೆ ನಕ್ಕಿದ್ದರು. ಆದರೆ ತಿದ್ದಲಿಲ್ಲ. ಅದು ಅವರು ತನಗೆ ಕೊಟ್ಟ ಸಲಿಗೆ ಎಂದೇ ನಾಗಿಸಾ ಹನ್ನೊಂದು ವರ್ಷ ನಂಬಿದ್ದಳು.

ಆ ಮೊಹರನ್ನು ಕೊಟ್ಟವರೂ ಅವರೇ. ಅಜೆಗಾಮಿ ಎಂಬ ಮನೆತನದ ಹೆಸರು ಅಂಗಡಿಯ ರೆಡಿಮೇಡ್ ಮೊಹರುಗಳಲ್ಲಿ ಸಿಗುವುದಿಲ್ಲ. ಅವಳು ಮೂತ್ರಪಿಂಡ ವಿಭಾಗಕ್ಕೆ ಸೇರಿದ ವಾರವೇ ಪ್ರೊಫೆಸರು ಮರದಲ್ಲಿ ಕೆತ್ತಿಸಿ ತಂದಿದ್ದರು. ಎಲ್ಲರ ಮೊಹರಿನ ಜೊತೆ ಅದೂ ಕಾರ್ಯದರ್ಶಿ ತೊಮೊಯೆಯ ಡ್ರಾಯರಿನಲ್ಲಿತ್ತು. ವೈದ್ಯರು ವಾರ್ಡಿನಲ್ಲಿರುವಾಗ ರಜೆ ಚೀಟಿ, ಪಾಳಿ ಪಟ್ಟಿ ಕಾಯುತ್ತಾ ಕೂರುವುದಿಲ್ಲವಲ್ಲ, ತೊಮೊಯೆಯೇ ಒತ್ತಿಬಿಡುತ್ತಿದ್ದಳು. ಇದರಲ್ಲಿ ತಪ್ಪಿದೆ ಎಂದು ಯಾರಿಗೂ ಅನ್ನಿಸಿರಲಿಲ್ಲ, ನಾಗಿಸಾಗೂ ಅಷ್ಟೇ.

ಗುರುವಾರ ಮಧ್ಯಾಹ್ನ ವೈದ್ಯಕೀಯ ಪತ್ರಿಕೆಯ ಕಚೇರಿಯಿಂದ ಪತ್ರ ಬಂತು. ಮೂರು ವರ್ಷ, ಇನ್ನೂರ ಹನ್ನೆರಡು ರೋಗಿಗಳು. ಹೊಸ ಮಾತ್ರೆಯೊಂದರ ಬಗ್ಗೆ ನಾಗಿಸಾಳ ಲೇಖನ ವಸಂತದಲ್ಲಿ ಪ್ರಕಟವಾಗಿತ್ತು. ಸಪ್ಪೊರೊದ ವೈದ್ಯರೊಬ್ಬರು ಅದನ್ನು ಓದಿ ಒಂದು ಪ್ರಶ್ನೆ ಕೇಳಿದ್ದರು. ಅಂಕಿಅಂಶ ನೋಡಿಕೊಟ್ಟ ಹಮಾಸುನಾ ಎಂಬುವರನ್ನು ನಿಮ್ಮ ವಿಶ್ವವಿದ್ಯಾಲಯದ ಅರೆಕಾಲಿಕ ಉಪನ್ಯಾಸಕರು ಎಂದು ಬರೆದಿದ್ದೀರಿ. ಅವರು ಆ ಮಾತ್ರೆ ತಯಾರಿಸುವ ಕಂಪನಿಯ ನೌಕರರಲ್ಲವೇ? ಹಾಗಿದ್ದರೂ ಲೇಖನದ ಕೊನೆಯಲ್ಲಿ ಈ ಅಧ್ಯಯನದಲ್ಲಿ ಕಂಪನಿಯ ಪಾತ್ರವಿಲ್ಲ ಎಂದಿದೆಯಲ್ಲ?

ಲೇಖಕರೆಲ್ಲ ಕೊಟ್ಟಿದ್ದ ಘೋಷಣಾ ಪತ್ರದ ಪ್ರತಿಯೂ ಜೊತೆಗಿತ್ತು. ಕಂಪನಿಯ ಜೊತೆ ಸಂಬಂಧ: ಇಲ್ಲ. ಕಂಪನಿಯಿಂದ ನೆರವು: ಇಲ್ಲ. ಕೆಳಗೆ ಎಡಗಡೆ ಇಸುರುಗಿಯವರ ಮೊಹರು, ಬಲಗಡೆ ಅಜೆಗಾಮಿ. ಅಜೆಗಾಮಿ ಎಡಕ್ಕೆ ವಾಲಿತ್ತು.

ನಾಗಿಸಾ ಆ ವಾಲಿದ ಮೊಹರನ್ನು ಮತ್ತೊಮ್ಮೆ ನೋಡಿದಳು. ಈ ಕಾಗದವನ್ನು ಅವಳು ಇವತ್ತೇ ಮೊದಲು ನೋಡುತ್ತಿದ್ದಳು. ಆದರೆ ಅವಳಿಗೆ ನೆನಪಾದದ್ದು ಪತ್ರಿಕೆಯಲ್ಲ, ಶಿಗೆನೊ ಅಜ್ಜಿ.

ಅವಳ ರೋಗಿ ಶಿಗೆನೊ ಅಜ್ಜಿ ನದಿ ದಂಡೆಯ ಹಳ್ಳಿಯವರು. ಮೇಲಿನ ಗಣಿ ಕಂಪನಿಯ ವಿಷದ ನೀರು ಗದ್ದೆಗೆ ಹರಿದು, ಅವರ ತಾಯಿ ಮೂಳೆ ಮೂಳೆ ನೊಂದು ಸತ್ತವರು. ಅಧ್ಯಯನಕ್ಕೆ ಒಪ್ಪಿಗೆ ಕೇಳಿದಾಗ ಅಜ್ಜಿ ಒಂದೇ ಮಾತು ಕೇಳಿದ್ದರು. "ಇದ್ರಲ್ಲಿ ಕಂಪನಿಯೋರ ಕೈ ಇದ್ಯಾ, ಡಾಕ್ಟರಮ್ಮ?" ನಾಗಿಸಾ ಅವರ ಕೈ ಹಿಡಿದು, "ಇಲ್ಲ ಅಜ್ಜಿ, ನಾನಿದೀನಲ್ಲ" ಎಂದಿದ್ದಳು.

ಅವಳು ಕಾಗದವನ್ನು ತೊಮೊಯೆಯ ಮೇಜಿನ ಮೇಲಿಟ್ಟಳು.

"ತೊಮೊಯೆ ಸಾನ್, ಇದನ್ನ ಒತ್ತಿದ್ದು ನೀವಾ?"

ತೊಮೊಯೆ ಹನ್ನೆರಡು ವರ್ಷ ಬ್ಯಾಂಕಿನಲ್ಲಿ ದುಡಿದು ಬಂದವಳು. ಕನ್ನಡಕ ಏರಿಸಿ ನೋಡಿದಳು, ಮುಖ ಕೆಂಪಾಯಿತು.

"ನಾನೇ, ಡಾಕ್ಟ್ರೇ. ನನ್ನ ಕೈಗೆ ನೆಟ್ಟಗೆ ಒತ್ತೋಕೆ ಬರೋದೇ ಇಲ್ವಲ್ಲ. ಅವಳಿಗೆಲ್ಲ ಗೊತ್ತು, ಒಪ್ಪಿದಾಳೆ ಅಂದ್ರು ಇಸುರುಗಿ ಸೆನ್ಸೆ. ಅವ್ರ ಮಾತನ್ನ ನಾನು ಯಾವತ್ತು ಅನುಮಾನ ಪಟ್ಟಿದೀನಿ ಹೇಳಿ?"

"ನಾನೂ ಪಟ್ಟಿಲ್ಲ ಬಿಡಿ" ಎಂದಳು ನಾಗಿಸಾ.

ಪ್ರೊಫೆಸರ್ ಇಸುರುಗಿ ಅವಳಿಗಾಗಿ ಕಾಯುತ್ತಿದ್ದವರಂತೆ ಕುರ್ಚಿ ತೋರಿಸಿದರು. ತಾವೇ ಚಹಾ ಬಗ್ಗಿಸಿ ಕೊಟ್ಟರು. ಪತ್ರದ ಪ್ರತಿ ಅವರಿಗೂ ಬಂದಿತ್ತು, ಪತ್ರಿಕೆಗೆ ಉತ್ತರವೂ ಸಿದ್ಧವಾಗಿತ್ತು. ಮೊದಲ ಲೇಖಕಿ ಅಜೆಗಾಮಿಯವರ ಕಣ್ತಪ್ಪಿನಿಂದ ಹಮಾಸುನಾ ಅವರ ಉದ್ಯೋಗದ ವಿವರ ಬಿಟ್ಟುಹೋಗಿದೆ, ವಿಷಾದಿಸುತ್ತೇವೆ ಎಂದು ಎರಡೇ ಸಾಲು. ಎಷ್ಟು ನಾಜೂಕಾಗಿ ಅವಳ ತಲೆ ಮೇಲೆ ಗೂಬೆ ಕೂರಿಸಿದ್ದರು!

"ನನ್ನ ಕಣ್ತಪ್ಪು? ಆತ ಕಂಪನಿಯವನು ಅಂತ ನನಗೆ ಗೊತ್ತೇ ಇರ್ಲಿಲ್ಲ, ಸೆನ್ಸೆ."

"ಅದಕ್ಕೇ ಅಲ್ವೇನಮ್ಮ, ಕಣ್ತಪ್ಪು ಅನ್ನೋದು." ಅವರು ನಕ್ಕರು. "ಒಂದು ಸಣ್ಣ ತಿದ್ದುಪಡಿ ಹಾಕ್ತಾರೆ. ಯಾರೂ ಓದಲ್ಲ. ನೀನು ಚಿಕ್ಕವಳು, ಕ್ಷಮಿಸಿಬಿಡ್ತಾರೆ. ನನ್ನನ್ನ ಕ್ಷಮಿಸಲ್ಲ."

"ಅವನು ಮಾಡಿದ ಲೆಕ್ಕ?"

"ಸರಿಯಾಗೇ ಇದೆ."

"ನೀವು ಕೂತು ನೋಡಿದೀರಾ?"

ಇಸುರುಗಿ ಚಹಾ ಬಟ್ಟಲನ್ನು ಮೇಜಿನ ಮೇಲೆ ಸ್ವಲ್ಪ ಆಚೆ ಸರಿಸಿದರು, ಮತ್ತೆ ಈಚೆ ಸರಿಸಿದರು. ನೋಡಿರಲಿಲ್ಲ. ಲೇಖನಕ್ಕೆ ಹೆಸರು ಹಾಕಿಸಿಕೊಂಡವರು ಯಾರೂ ನೋಡಿರಲಿಲ್ಲ. ಅವಳೂ ಗುರುಗಳು ಕಳಿಸಿದ ಮನುಷ್ಯ ಎಂದು ಮೂರು ವರ್ಷದ ದುಡಿಮೆಯನ್ನು ಕಣ್ಣು ಮುಚ್ಚಿ ಅವನ ಕೈಗೆ ಕೊಟ್ಟಿದ್ದಳು. ನಾಗಿಸಾಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಹೇಸಿಗೆಯಾಯಿತು. ಕೆಟ್ಟವನೊಬ್ಬ ಹೀಗೆ ಮಾಡಿದ್ದರೆ ಜಗಳವಾಡಬಹುದಿತ್ತು. ಕೈ ಹಿಡಿದು ಕಲಿಸಿದವರು ಅದೇ ಕೈಯ ಮೊಹರು ಕದ್ದರೆ ಏನು ಮಾಡುವುದು?

"ಸಂಜೆಯೊಳಗೆ ಕಳಿಸ್ಬೇಕು" ಎಂದರು ಅವರು. "ಆ ದೂರದ ಸಾದೊ ದ್ವೀಪದ ಆಸ್ಪತ್ರೆಗೆ ಒಬ್ಬರು ಬೇಕಂತೆ. ನಿನ್ನ ಹೆಸರು ನಾನಾಗಿ ಹೇಳಲ್ಲ, ನೋಡು."

ಎರಡು ಗಂಟೆಗೆ ಹೊರರೋಗಿಗಳ ಸರದಿಯಲ್ಲಿ ಶಿಗೆನೊ ಅಜ್ಜಿ ಬಂದರು. ಸ್ಕ್ವಿಡ್ ಮೀನಿನ ಉಪ್ಪಿನಕಾಯಿಯ ಸಣ್ಣ ಬಾಟಲಿ ಮೇಜಿನ ಮೇಲಿಟ್ಟು, "ನನಗಂತೂ ಉಪ್ಪು ತಿನ್ನೋ ಹಾಗಿಲ್ಲ, ನೀವಾದ್ರೂ ತಿನ್ನಿ" ಎಂದು ನಕ್ಕರು. ನಾಗಿಸಾ ಬಾಟಲಿಯನ್ನು ಮುಟ್ಟದೆ ಎಲ್ಲವನ್ನೂ ಹೇಳಿದಳು. ನನಗೆ ಗೊತ್ತಿರಲಿಲ್ಲ ಎಂಬುದನ್ನು ಎರಡು ಸಲ ಹೇಳಿದಳು.

ಅಜ್ಜಿ ತಮ್ಮ ಊದಿದ ಕಾಲನ್ನು ಒಮ್ಮೆ ನೀವಿಕೊಂಡರು.

"ನಮ್ಮಮ್ಮಂಗೆ ನೀರು ಚೆನ್ನಾಗಿದೆ ಅಂದ ಡಾಕ್ಟ್ರೂ ಒಳ್ಳೇವ್ರೇ" ಎಂದರು. "ಪಾಪ, ಅವ್ರಿಗೂ ಗೊತ್ತಿರ್ಲಿಲ್ವಂತೆ."

ನಾಗಿಸಾ ಅವರ ಮಾತ್ರೆ ಚೀಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಹಂಗಾದ್ರೆ ನಾಳೆ ಬೆಳಿಗ್ಗೆ ಆ ಮಾತ್ರೆ ತಗೋಬೇಕಾ, ಬೇಡ್ವಾ? ಅಷ್ಟು ಹೇಳಿ."

"ಬೇಡ. ಹಳೇ ಮಾತ್ರೆಗೇ ಹೋಗೋಣ. ಇದು ಒಳ್ಳೇದೋ ಕೆಟ್ಟದ್ದೋ, ನನಗೆ ಗೊತ್ತಿಲ್ಲ ಅಜ್ಜಿ."

"ಇದನ್ನ ಆವತ್ತೇ ಹೇಳಿದ್ರೆ ಆಗ್ತಿತ್ತಲ್ಲಮ್ಮ" ಎಂದು ಅಜ್ಜಿ ಎದ್ದರು. ಬಾಟಲಿಯನ್ನು ವಾಪಸ್ಸು ಚೀಲಕ್ಕೆ ಹಾಕಿಕೊಂಡು ಹೋದರು.

ನಾಲ್ಕು ಗಂಟೆಗೆ ನಾಗಿಸಾ ಕೈಯಲ್ಲೇ ಪತ್ರ ಬರೆದಳು. ಘೋಷಣಾ ಪತ್ರವನ್ನು ನಾನು ನೋಡಿರಲಿಲ್ಲ, ಮೊಹರು ಒತ್ತಿದ್ದು ನಾನಲ್ಲ. ಲೆಕ್ಕ ಮಾಡಿದ್ದು ಕಂಪನಿಯ ನೌಕರ, ಅದನ್ನು ಪರೀಕ್ಷಿಸದೆ ಒಪ್ಪಿದ್ದು ನನ್ನ ತಪ್ಪು. ಹೊರಗಿನವರಿಂದ ಎಲ್ಲವನ್ನೂ ಮತ್ತೆ ಲೆಕ್ಕ ಮಾಡಿಸಿ, ಅಲ್ಲಿಯವರೆಗೆ ಈ ಲೇಖನವನ್ನು ಯಾರೂ ನಂಬಬಾರದು ಎಂದು ಪ್ರಕಟಿಸಿ. ಕೆಳಗೆ ಎಡಗಡೆ ಪ್ರೊಫೆಸರಿಗೆಂದು ಒಂದು ಚೌಕ ಬಿಟ್ಟಳು. ತೊಮೊಯೆ ಡ್ರಾಯರ್ ತೆರೆದು ಮೊಹರು ಕೊಟ್ಟಳು.

ಇಸುರುಗಿಯವರ ಮೇಜಿನ ಮೇಲೆ, ಅವರ ಕಣ್ಣೆದುರೇ, ನಾಗಿಸಾ ಬಲಗಡೆ ಒತ್ತಿದಳು. ಕೆಂಪು ಅಕ್ಷರ ನೆಟ್ಟಗೆ ನಿಂತಿತು.

ಅವರು ಪತ್ರ ಓದಿದರು. ತಮ್ಮ ಮೊಹರಿಗೆ ಕೈ ಹಾಕಲಿಲ್ಲ.

"ಆ ಸೀಲು ನಾನು ಮಾಡಿಸಿಕೊಟ್ಟಿದ್ದು" ಎಂದರು, ಮೆಲ್ಲಗೆ.

"ಹೌದು ಸೆನ್ಸೆ. ಅದಕ್ಕೇ ಇಷ್ಟು ವರ್ಷ ನಿಮ್ಮ ಹತ್ರಾನೇ ಬಿಟ್ಟಿದ್ದೆ."

ಎಡಗಡೆಯ ಚೌಕ ಖಾಲಿಯಿದ್ದಂತೆಯೇ ಅವಳು ಪತ್ರವನ್ನು ಮಡಚಿ ಲಕೋಟೆಗೆ ಹಾಕಿದಳು. ಮೊಹರಿನ ಮೇಲಿದ್ದ ಬಣ್ಣವನ್ನು ಕರವಸ್ತ್ರದಲ್ಲಿ ಒರೆಸಿ ಕೋಟಿನ ಜೇಬಿಗೆ ಹಾಕಿಕೊಂಡು, ಅಂಚೆ ಕಚೇರಿ ಮುಚ್ಚುವುದರೊಳಗೆ ತಲುಪಬೇಕೆಂದು ಬೇಗ ಬೇಗ ನಡೆದಳು.