ಗಂಟೆಗೋಪುರದ ಕೀಲಿಕೈ

ಆ ಬೆಳಿಗ್ಗೆ ಮಂಜು ಬೀಳುತ್ತಿರಲಿಲ್ಲ. ಬಿದ್ದದ್ದೆಲ್ಲ ಗಟ್ಟಿಯಾಗಿ, ಇಜಾ ಹೊಳೆ ಈ ದಡದಿಂದ ಆ ದಡದವರೆಗೆ ಬಿಳಿಯ ನೆಲವಾಗಿತ್ತು. ಒಲೆಗಳ ಹೊಗೆ ಅಲುಗದೆ ನೆಟ್ಟಗೆ ನಿಂತಿತ್ತು. ನೀರು ಹರಸುವ ಹಬ್ಬಕ್ಕೆ ಇನ್ನೆರಡೇ ದಿನ. ನಮ್ಮೂರಿನ ಪಾದ್ರಿ ಎಫ್ರೆಮ್ ಗಂಟೆ ಬಾರಿಸಿ, ಗೋಪುರ ಇಳಿದು ಬಂದು, ಪ್ರಾರ್ಥನೆಗೆ ಬಾಯಿ ತೆರೆದರೆ ದನಿಯೇ ಬರಲಿಲ್ಲ.

ಗಂಟೆ ಬಾರಿಸುವುದು ಪಾದ್ರಿಯ ಕೆಲಸವಲ್ಲ. ಅದು ತೊವಾದೆರ್ ತಾತನದು, ಅವನಪ್ಪನದು, ಅವನಜ್ಜನದು. ಮೂರು ವರ್ಷದ ಹಿಂದೆ ತಾತ ಕಾಲು ಮುರಿದುಕೊಂಡಾಗ ಪಾದ್ರಿ ಗೋಪುರದ ಕೀಲಿಕೈ ತೆಗೆದುಕೊಂಡರು. ಕಾಲು ನೆಟ್ಟಗಾಗಿ ತಾತ ಕೇಳಲು ಬಂದರೆ, "ನೀವಿನ್ನು ಆರಾಮಾಗಿರಿ ತಾತ" ಎಂದರು. "ಮುರಿದಿದ್ದು ಕಾಲು ಗುರುಗಳೇ, ಕೈಯಲ್ಲ" ಎಂದು ಗೊಣಗಿ ಹೋದವನು ಮತ್ತೆ ಕೇಳಲಿಲ್ಲ. ಹೀಗೆಯೇ ಚರ್ಚಿನ ಒಲೆ, ಹಾದಿಯ ಮಂಜು, ಮೇಣದಬತ್ತಿ ಎಲ್ಲವೂ ಪಾದ್ರಿಯ ಕೈಸೇರಿದವು. ನಾವೂ ಕೊಟ್ಟು ಸುಮ್ಮನಾದೆವು. ಅದನ್ನೇ ಪ್ರೀತಿ ಎಂದು ಅವರು ತಿಳಿದಿದ್ದರು, ಅದನ್ನೇ ಭಕ್ತಿ ಎಂದು ನಾವು.

ದನಿ ಹೋದ ದಿನ ಪಾದ್ರಿಯ ಮುಂದೆ ಹೆಂಡತಿ ಲಾವಿನಿಯಾ ಒಂದು ಕಾಗದ ಇಟ್ಟಳು. ತನ್ನನ್ನು ಪಾದ್ರಿಪಟ್ಟದಿಂದ ಬಿಡಿಸಿ ಎಂದು ಅವರೇ ಬಿಷಪ್ಪರಿಗೆ ಬರೆದು ಬಚ್ಚಿಟ್ಟಿದ್ದ ಕಾಗದ.

"ಊರವರ ಮನೆಗೆಲ್ಲ ಮಂತ್ರಿಸಿದ ನೀರು, ನಮ್ಮನೆಗೆ ಆರಿಹೋದ ಚಹ" ಎಂದಳು. "ಏನ್ರೀ, ದೇವರ ಹತ್ರ ಮಾತಾಡಿ ಎಷ್ಟು ದಿನ ಆಯ್ತು?"

"ದಿನಾ ಮಾತಾಡ್ತೀನಲ್ಲ" ಎಂದು ಪಿಸುಗುಟ್ಟಿದರು.

"ಅದು ಊರಿನ ಪರವಾಗಿ. ನಾನು ಕೇಳಿದ್ದು ನಿಮ್ಮ ಮಾತು."

ಅವಳು ಕಾಗದವನ್ನು ಮಡಿಸಿ ಅವರ ಕೈಗಿಟ್ಟಳು.

"ಇದನ್ನ ಕಳಿಸೋ ಮೊದಲು ಬೆಟ್ಟ ಹತ್ತಿ ಬನ್ನಿ. ಎರಡು ವರ್ಷ ಆಯ್ತು ಹೋಗಿ."

ಬೆಟ್ಟದ ಮೇಲೆ ಸೊಫ್ರೊನಿಯೆ ಎಂಬ ಮುದಿ ಸನ್ಯಾಸಿ ಇದ್ದರು. ಊರೆಲ್ಲ ಎಫ್ರೆಮರ ಮುಂದೆ ಪಾಪ ಹೇಳಿಕೊಂಡರೆ, ಎಫ್ರೆಮ್ ಹೇಳಿಕೊಳ್ಳಬೇಕಾದದ್ದು ಅವರ ಮುಂದೆ. ಅಲ್ಲಿ ನಡೆದದ್ದನ್ನು ಮುಂದೊಂದು ದಿನ ಪಾದ್ರಿಯೇ ನಗುತ್ತಾ ನಮಗೆ ಹೇಳಿದರು.

ಮಂಡಿಯೂರಿ, ಪಿಸುದನಿಯಲ್ಲೇ ಎಲ್ಲ ಹೇಳಿದರಂತೆ. ಕೋಪ ಬರುತ್ತದೆ, ಪ್ರಾರ್ಥನೆ ಒಣಗಿದೆ, ದೇವರು ಪಕ್ಕದೂರಿಗೆ ಹೋದಂತಿದೆ.

"ಮುಗೀತಾ? ಕಳ್ಳತನ ಹೇಳ್ಲೇ ಇಲ್ವಲ್ಲ ಮಗಾ."

"ಕಳ್ಳತನವೇ? ಒಂದು ಮೇಣದಬತ್ತೀನೂ ಮುಟ್ಟಿಲ್ಲ ತಂದೆ!"

"ಕೊರಳಲ್ಲಿ ಶಿಲುಬೆ ಪಕ್ಕ ಏನೋ ಟಣಟಣ ಅಂತಿದೆ. ಯಾರದ್ದದು?"

ಪಾದ್ರಿ ಕೀಲಿಕೈ ಮುಟ್ಟಿ ನೋಡಿಕೊಂಡರು.

"ಒಬ್ಬ ಮುದುಕ ದೇವರಿಗೆ ಮಾಡೋ ಸೇವೇನ ಕಿತ್ಕೊಂಡು ಕೊರಳಿಗೆ ಕಟ್ಕೊಂಡಿದೀಯ. ಭಾರ ಆಗದೆ ಇರುತ್ತಾ? ಹೋಗು. ಮೊದಲು ಕಣ್ತುಂಬ ನಿದ್ದೆ ಮಾಡು. ಎದ್ದಮೇಲೆ ಯಾರೂ ಕೇಳದ ಜಾಗದಲ್ಲಿ ಒಂದು ಕೀರ್ತನೆ ಓದು. ಆಮೇಲೆ ಕದ್ದದ್ದನ್ನ ಕೊಡು. ಇಷ್ಟೂ ಮಾಡಿ, ಆಗಲೂ ಬೇಕು ಅನಿಸಿದ್ರೆ ಕಾಗದ ಕಳಿಸು."

ಮರುದಿನ ಮಧ್ಯಾಹ್ನ ಇಳಿದು ಬಂದ ಪಾದ್ರಿ, ಕೀಲಿಕೈ ಕಟ್ಟಿದ ಕೊರಳ ದಾರವನ್ನೂ ತೆಗೆಯದೆ ಮಲಗಿಬಿಟ್ಟರು.

ಹಬ್ಬದ ಬೆಳಿಗ್ಗೆ ಗಂಟೆ ಮೊಳಗಲಿಲ್ಲ. ಪಾದ್ರಿ ತೀರಿಕೊಂಡರೆಂದೇ ನಾವು ಓಡಿದೆವು. ಲಾವಿನಿಯಾ ತುಟಿಯ ಮೇಲೆ ಬೆರಳಿಟ್ಟು ಬಾಗಿಲಲ್ಲಿ ನಿಂತಿದ್ದಳು.

"ಸತ್ತಿಲ್ಲ, ಮಲಗಿದಾರೆ."

"ಚರ್ಚು ತಣ್ಣಗೆ ಕೊರೀತಿದೆಯಮ್ಮಾ!" ಎಂದಳು ಪರಸ್ಕಿವಾ ಅಜ್ಜಿ.

"ಸೌದೆ ಅಲ್ಲೇ ಇದೆ ಅಜ್ಜಿ. ಬೈಯೋಕೆ ಬಾಯಿ ಇದ್ದಹಾಗೆ ಹಚ್ಚೋಕೆ ಕೈಯೂ ಇದೆಯಲ್ಲ!" ಎಂದು ಚರ್ಚಿನ ಬಾಗಿಲ ಕೀಲಿಯನ್ನು ಅವಳ ಕೈಗೆ ತುರುಕಿದಳು.

ಅಜ್ಜಿ ಒಲೆ ಹಚ್ಚಲು ಹೋದಳು. ನಾವು ಸಲಿಕೆ ಹಿಡಿದೆವು. ಪಾದ್ರಿ ಎದ್ದು, ಹಿತ್ತಿಲ ಸೇಬಿನ ಮರದಡಿ ಒಬ್ಬರೇ ಕೀರ್ತನೆ ಓದಿ ಬರುವಷ್ಟರಲ್ಲಿ ಹಾದಿ ತೆರವಾಗಿತ್ತು, ಚರ್ಚಿನ ಚಿಮಣಿಯಿಂದ ಹೊಗೆ ಏಳುತ್ತಿತ್ತು, ಹೊಳೆಯ ನಡುವೆ ನೀರಿಗಾಗಿ ಕೊರೆದ ಕಂಡಿಯ ಪಕ್ಕ ಆಳೆತ್ತರದ ಮಂಜುಗಡ್ಡೆಯ ಶಿಲುಬೆ ನಿಂತಿತ್ತು. ಅವರು ಒಂದೊಂದನ್ನೂ ನೋಡುತ್ತಾ ನಡೆದರು. ಚರ್ಚಿನೊಳಗೆ ಹೋಗಿ, ಒಲೆಯ ಬಾಯಿ ತೆರೆದು, ಬಿಷಪ್ಪರಿಗೆ ಬರೆದ ಕಾಗದವನ್ನು ಉರಿಯೊಳಗೆ ಇಟ್ಟರು.

ಹೊಳೆಯಲ್ಲಿ ಅವರೇ ಹಾಡು ಎತ್ತಿದರು. ನೂಲಿನಂಥ ದನಿ. ಎರಡನೇ ಸಾಲಿಗೆ ಅದೂ ಕಡಿಯಿತು. ಆಗ ಪರಸ್ಕಿವಾ ಅಜ್ಜಿಯ ಒಡಕು ಗಂಟಲು ಹಾಡನ್ನು ಎತ್ತಿಕೊಂಡಿತು. ಅವಳ ಹಿಂದೆ ಹೆಂಗಸರು, ಗಂಡಸರು, ಇಡೀ ಊರು. ಎದುರುದಡದ ಬೆಟ್ಟ ಅದನ್ನು ಹಿಂದಿರುಗಿಸಿತು. ಹನ್ನೊಂದು ವರ್ಷ ಆ ಹಾಡನ್ನು ತಾವೇ ಹಾಡಿದ್ದ ಪಾದ್ರಿ ಅಂದು ಮೊದಲ ಸಲ ಅದನ್ನು ಕೇಳಿದರು. ಕಣ್ಣೀರು ಗಡ್ಡಕ್ಕಿಳಿದು ಅಲ್ಲೇ ಹೆಪ್ಪುಗಟ್ಟಿತು. ತುಟಿ ಏನೋ ಮಾತಾಡುತ್ತಿತ್ತು. ಅದು ಪುಸ್ತಕದ ಮಾತಲ್ಲ ಎಂದು ಪಕ್ಕದಲ್ಲಿದ್ದ ಲಾವಿನಿಯಾಗೆ ಗೊತ್ತಾಯಿತು.

ಇನ್ನು ಪಾದ್ರಿ ತಮ್ಮ ಕೈಯ ಶಿಲುಬೆಯನ್ನು ಕಂಡಿಯ ನೀರಿಗೆ ಅದ್ದಬೇಕು. ಅದ್ದುವಾಗ ದಡದ ಮೇಲಿನ ಗೋಪುರದಿಂದ ಗಂಟೆ ಮೊಳಗಬೇಕು. ಎಲ್ಲರೂ ತಲೆಯೆತ್ತಿ ನೋಡಿದೆವು.

ಪಾದ್ರಿ ನೀರಿನ ಅಂಚನ್ನು ಬಿಟ್ಟು ಜನರ ನಡುವೆ ನಡೆದು ಬಂದರು. ಕಟ್ಟಕಡೆಯಲ್ಲಿ, ಟೋಪಿ ಕೈಯಲ್ಲಿ ಹಿಡಿದು, ತೊವಾದೆರ್ ತಾತ ನಿಂತಿದ್ದ.

"ನಾನು ತಡ ಮಾಡಿದೆ ತಾತ" ಎಂದರು, ಅವನಿಗಷ್ಟೇ ಕೇಳುವಂತೆ.

ಕೊರಳ ದಾರವನ್ನು ತಲೆಯ ಮೇಲಿಂದ ತೆಗೆದು, ಎದೆಯ ಬಿಸಿ ಆರದ ಕೀಲಿಕೈಯನ್ನು ಮುದುಕನ ಅಂಗೈಯಲ್ಲಿಟ್ಟರು.