ಬಸವಣ್ಣನ ಮೂತಿ ಮುಂದೆ

ಅರುಣಾ ಮತ್ತೆ ಸತ್ತಳು. ಟಿವಿಯೊಳಗಿನ ಎತ್ತು ಅವಳನ್ನು ಕೋಡಿನಿಂದೆತ್ತಿ ಬೆಟ್ಟದ ಕೆಳಗೆ ಒಗೆದಿತ್ತು.

ಈ ಆಟ ಮಾಡಿದ ಪುಣ್ಯಾತ್ಮರು ಯಾರೋ! ಆಡಿದ್ದನ್ನು ಉಳಿಸಿಕೊಳ್ಳುವ ದೀಪದ ಕಂಬವನ್ನು ಬೆಟ್ಟದ ಬುಡದಲ್ಲಿ ನೆಟ್ಟು, ಎತ್ತನ್ನು ನೆತ್ತಿಯ ಬಂಡೆಯೆದುರು ನಿಲ್ಲಿಸಿದ್ದರು. ಸತ್ತಾಗಲೆಲ್ಲ ಬುಡದಿಂದ ಹತ್ತಬೇಕು. ದಾರಿಯಲ್ಲಿ ಗಡ್ಡದ ಮುದುಕನೊಬ್ಬ ಅಡ್ಡಬಂದು ಅದೇ ಪುರಾಣ ಕೊರೆಯುತ್ತಾನೆ. ಅವನ ಬಾಯಿ ಮುಚ್ಚಿಸುವ ಗುಂಡಿಯೇ ಇಲ್ಲ. ಆಟವನ್ನು ನಡುವೆ ನಿಲ್ಲಿಸುವಂತೆಯೂ ಇಲ್ಲ. ಮೊನ್ನೆ ಹಾಲು ಉಕ್ಕಿತೆಂದು ಓಡಿದರೆ ಹಾಲೂ ಹೋಯಿತು, ಜೀವವೂ ಹೋಯಿತು.

ಟಿವಿಗೆ ಜೋಡಿಸಿದ ಆಟದ ಪೆಟ್ಟಿಗೆ ಅವಳ ತಮ್ಮ ಸಮ್ರಾಟನದು. "ಆ ಎತ್ತು ದಾಟೋದು ನಿನ್ನ ಕೈಲಿ ಆಗಂಗಿಲ್ಲ ಬಿಡಕ್ಕಾ" ಎಂದು ಹಲ್ಲು ಕಿಸಿದು ಕೊಟ್ಟುಹೋಗಿದ್ದ. ಈಗ ಅದನ್ನು ಒಯ್ಯಲು ಸಿರುಗುಪ್ಪದಲ್ಲಿ ಬಸ್ಸು ಹತ್ತಿದ್ದಾನೆ. ಅವನು ಬಳ್ಳಾರಿ ಮುಟ್ಟುವುದರೊಳಗೆ ದಾಟದಿದ್ದರೆ ವರ್ಷವಿಡೀ ಆಡಿಕೊಂಡು ನಗುತ್ತಾನೆ.

ಅತ್ತೆ ವೀರಭದ್ರಮ್ಮ ಮಂಚದ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಕುರುಗೋಡಿನ ದೊಡ್ಡ ಬಸವಣ್ಣನ ಗುಡಿಯ ಪಕ್ಕದಲ್ಲೇ ಬೆಳೆದವರು. ಮೊದಲ ದಿನದಿಂದಲೂ ಎತ್ತಿನ ಪಕ್ಷ.

"ಚಲೋ ಆತು. ಬಸವಣ್ಣಗ ಕತ್ತಿ ಎತ್ತಿದರ ಬಿಡತಾನೇನು?"

"ಅತ್ತೀ, ಅದು ಆಟದ ಎತ್ತರೀ!"

"ಯಾವುದರ ಇರಲಿ. ಬಸವಣ್ಣನ ಮೂತಿ ಮುಂದ ಯಾರರ ನಿಂದರತಾರೇನು? ಅಡ್ಡ ನಿಂತರ ಎದುರಿನ ಶಿವ ಕಾಣಂಗಿಲ್ಲ ಅಂತ ಅವಗ ಸಿಟ್ಟು ಬರತೈತಿ. ಹಿಂದ ಹೋಗು. ಕೋಡಿನ ನಡುವ ನೋಡು."

ಅರುಣಾಗೆ ರೇಗಿಹೋಯಿತು. ಹೇಗಿದ್ದರೂ ಸಾಯುವುದೇ ತಾನೆ ಎಂದು ಬೆಟ್ಟ ಹತ್ತಿದಳು, ಮುದುಕನ ಪುರಾಣ ಕೇಳಿದಳು, ಎತ್ತನ್ನು ಬಳಸಿಕೊಂಡು ಅದರ ಬೆನ್ನ ಹಿಂದೆ ನಿಂತಳು. ಎತ್ತು ತಿರುಗಲಿಲ್ಲ. ಮಂಡಿಯೂರಿ ಕೂತುಬಿಟ್ಟಿತು! ಎರಡು ಕೋಡುಗಳ ನಡುವೆ, ಎದುರಿನ ಬಂಡೆಯಲ್ಲಿ, ಬಾಗಿಲೊಂದು ತೆರೆಯಿತು.

ಇದನ್ನು ಮೊದಲೇ ಹೇಳಿದ್ದರೆ ಆಟ ಮಾಡಿದವರ ಗಂಟೇನು ಹೋಗುತ್ತಿತ್ತು? ಅರುಣಾಗೆ ಸಿಟ್ಟೂ ಬಂತು, ಕಣ್ಣಲ್ಲಿ ನೀರು ಬರುವಷ್ಟು ಖುಷಿಯೂ ಆಯಿತು. ಬಾಗಿಲು ದಾಟಿದಳು. ಅಲ್ಲೇ ಹೊಸ ದೀಪದ ಕಂಬ. ಅದರ ಮುಂದೆ ಮತ್ತದೇ ಗಡ್ಡದವನು! ಅವನು ಪುರಾಣ ಮುಗಿಸಿ, ಅವಳು ಕಂಬ ಮುಟ್ಟುವ ಮೊದಲೇ ಕರೆಂಟು ಹೋಯಿತು.

ಸಮ್ರಾಟ ಬಾಗಿಲಲ್ಲಿ ನಿಂತಿದ್ದ. "ದಾಟಿದೇನಕ್ಕಾ?"

ಅರುಣಾ ಕಪ್ಪಾದ ಟಿವಿಯತ್ತ ನೋಡಿದಳು. ತೋರಿಸಲು ಏನೂ ಉಳಿದಿರಲಿಲ್ಲ.

"ದಾಟ್ಯಾಳ," ಎಂದರು ವೀರಭದ್ರಮ್ಮ. "ನಾನು ಕಣ್ಣಾರೆ ನೋಡೀನಿ."

ಸಮ್ರಾಟನ ಹಲ್ಲು ಒಳಗೆ ಹೋದವು. ಅಕ್ಕನ ಹತ್ತಿರ ಬಂದು ದನಿ ತಗ್ಗಿಸಿದ. "ಹೆಂಗ ದಾಟಿದಿ? ನನಗೂ ಅದು ಆಗವಲ್ದು."

ಅರುಣಾ ಬಾಯಿ ತೆರೆಯುವ ಮೊದಲೇ ಅತ್ತೆ ಬಚ್ಚಲ ಕಡೆ ಕೈ ತೋರಿಸಿದರು.

"ಕರೆಂಟ್ ಬರಲಿ, ದರ್ಶನ ಮಾಡಸ್ತೀವಿ. ಮೊದಲ ಕಾಲು ತೊಳಕೊಂಡು ಬಾರಪ್ಪಾ."